ಬಾನೆಟ್ಟಿನ ಕೊಂಡಿ

ಇಳಕಲ್ಲಿನ ನಮ್ಮ ಮಿತ್ರರೊಬ್ಬರ ಚಿರಂಜೀವಿಯು ತನ್ನ ಮೋಟಾರಿನ ಉಕ್ಕಿನ ಬಾನೆಟ್ಟನ್ನು ತೆಗೆಯಿಸಿ, ಪರಸ್ಥಳದಿಂದ ತರಿಸಿದ ಕಾರ್ಬನ್ ಫೈಬರಿನ ಕರಿಯ ಬಾನೆಟ್ಟನ್ನು ಕೂಡಿಸಿದನು. ಮೂರನೆಯ ದಿನ ಹುನಗುಂದದಿಂದ ಊರಿಗೆ ಹೆದ್ದಾರಿಯಲ್ಲಿ ಬರುತ್ತಿದ್ದಾಗ ಅದು ಒಮ್ಮಿಂದೊಮ್ಮೆಲೆ ಮೇಲೆದ್ದು ಮುಂಗಾಜಿಗೆ ಅಪ್ಪಳಿಸಿತು. ದಾರಿ ಕಾಣದ ಹುಡುಗನು ಚಕ್ರವನ್ನು ಅಲುಗಿಸದೆ, ಪಕ್ಕದ ಕಿಟಕಿಯಿಂದ ನೋಡುತ್ತ, ಮೆಲ್ಲನೆ ಅಂಚಿಗೆ ನಿಲ್ಲಿಸಿದನು. ಗ್ರಾನೈಟು ಹೇರಿದ ಲಾರಿಯೊಂದು ಹಿಂದೆ ಬರುತ್ತಿದ್ದಿತಾದರೂ ದೂರವಿದ್ದಿತು. ಪ್ರಾಣ ಉಳಿದುದಕ್ಕೆ ಹುಡುಗನ ಸಮಾಧಾನಚಿತ್ತವೂ ಆ ದೂರವೂ ಕಾರಣಗಳು. ಬಾನೆಟ್ಟನ್ನು ಕೂಡಿಸಿದವರ ಕೈಗುಣವು ಖಂಡಿತವಾಗಿ ಅಲ್ಲ.

ಮರುದಿನ ಆ ಮೋಟಾರನ್ನು ನಾವು ಕಣ್ಣಾರೆ ನೋಡಿದೆವು. ಬೀಗವು ಮುರಿದಿರಲಿಲ್ಲ. ಬೀಗಕ್ಕೆ ಸಿಕ್ಕಿಕೊಳ್ಳುವ ಉಕ್ಕಿನ ಕೊಂಡಿಯು ಬೀಗದಲ್ಲಿಯೇ ಭದ್ರವಾಗಿ ಕುಳಿತಿದ್ದಿತು! ಅದನ್ನು ಬಾನೆಟ್ಟಿನ ಅಡಿಯ ಪದರಿಗೆ ಬರಿಯ ಅಂಟಿನಿಂದ ಹಿಡಿಸಿದ್ದರು; ಅಂಟು ಬಿಟ್ಟು, ಹಲಗೆಯು ಕೊಂಡಿಯನ್ನು ಅಲ್ಲಿಯೇ ಉಳಿಸಿ ಹಾರಿದ್ದಿತು. ಮೋಟಾರುಗಳ ಬಾನೆಟ್ಟಿಗೆ ಎರಡು ಹಿಡಿತಗಳಿರುವದನ್ನು ಓದುಗರು ಬಲ್ಲರು: ಒಳಗಿನಿಂದ ಎಳೆದರೆ ಬಿಡುವ ಮುಖ್ಯ ಬೀಗ, ಮತ್ತು ಬೆರಳಿನಿಂದ ಸರಿಸಬೇಕಾದ ಎರಡನೆಯ ರಕ್ಷಣೆಯ ಕೊಕ್ಕೆ. ಈ ಮೋಟಾರಿನಲ್ಲಿ ಎರಡೂ ಹಿಡಿಯುವದು ಅದೊಂದೇ ಕೊಂಡಿಯನ್ನು. ಕೊಂಡಿಯೇ ಕಿತ್ತ ಮೇಲೆ ಕಾವಲುಗಾರರು ಇಬ್ಬರಿದ್ದರೇನು, ನಾಲ್ವರಿದ್ದರೇನು?

ಹೊಸ ವಸ್ತುವೆಂದರೆ ಮೂಗು ಮುರಿಯುವವರ ಪಂಗಡಕ್ಕೆ ನಾವು ಸೇರಿದವರಲ್ಲ. ಬೆಂಗಳೂರಿನಲ್ಲಿ ಸಿದ್ಧವಾಗುವ ತೇಜಸ್ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು ಶೇಕಡಾ 45 ಭಾಗವು ಇಂಥ ಸಂಯುಕ್ತ ಪದಾರ್ಥವೇ ಆಗಿದೆ. ಅದು ನಮ್ಮವರ ಹೆಮ್ಮೆ. ಮತ್ತು ಇಳಕಲ್ಲಿನ ನೇಕಾರರಿಗೆ ಈ ಪದಾರ್ಥದ ಗುಟ್ಟನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಇಂಗಾಲದ ಎಳೆಗಳನ್ನು ಹಾಸು ಹೊಕ್ಕಾಗಿ ನೇಯ್ದು, ರಾಳದಲ್ಲಿ ನೆನೆಯಿಸಿ, ಅಚ್ಚಿನಲ್ಲಿ ಗಟ್ಟಿಗೊಳಿಸಿದರೆ ಆ ಹಲಗೆ. ಎಳೆಯ ನೇರಕ್ಕೆ ಅದರ ಬಲವು ಅದ್ಭುತವಾದುದು. ಪದರನ್ನು ಪದರಿನಿಂದ ಬಿಡಿಸುವಂತೆ ಎಳೆದರೆ ಅಲ್ಲಿ ರಾಳದ ಬಲವಷ್ಟೇ. ಇಳಕಲ್ಲಿನ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವರು. ಆ ಕೊಂಡಿಯನ್ನು ಬಲ್ಲ ಊರಿನಲ್ಲಿ ಬಾನೆಟ್ಟಿನ ಕೊಂಡಿಯನ್ನು ಅಂಟಿಗೆ ಒಪ್ಪಿಸಿದ್ದು ವಿಚಿತ್ರವಲ್ಲವೇ?

ಭಾರವನ್ನು ಇಳಿಸುವದೇ ಉದ್ದೇಶವೆಂದು ತರುಣರು ಹೇಳುವರು. ಉಕ್ಕು ನೀರಿಗಿಂತ ಸುಮಾರು 7.8 ಪಟ್ಟು ಭಾರ, ಕಾರ್ಬನ್ ಹಲಗೆಯು ಸುಮಾರು 1.6 ಪಟ್ಟು, ಆದುದರಿಂದ ಬಾನೆಟ್ಟು ಹಗುರಾಗುವದು ಸತ್ಯವೇ. ಆದರೆ ಸಣ್ಣ ಮೋಟಾರಿನಲ್ಲಿ ಏಳು ಕಿಲೋಗ್ರಾಂ ಉಳಿಯಿತೆನ್ನೋಣ. ಟಾಕಿಯಲ್ಲಿ ಹತ್ತು ಲೀಟರು ಪೆಟ್ರೋಲು ಕಡಿಮೆ ತುಂಬಿದರೂ ಅಷ್ಟೇ ಭಾರ ಇಳಿಯುವದು, ಮೇಲಾಗಿ ಹಣವೂ ಉಳಿಯುವದು! ನಿಜವಾದ ಕಾರಣವು ಅಂದವೆಂದು ಒಪ್ಪಿಕೊಂಡರೆ ನಾವೇನೂ ಆಕ್ಷೇಪಿಸೆವು.

ಗಾಳಿಯಾದರೋ ಅಂದವನ್ನು ಲೆಕ್ಕಿಸುವದಿಲ್ಲ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಗಾಳಿಯು ತನಗೆ ಎದುರಾದ ಒಂದು ಚದರ ಮೀಟರಿನ ಮೇಲೆ ಸುಮಾರು 47 ಕಿಲೋಗ್ರಾಂ ಭಾರದಷ್ಟು ಒತ್ತಬಲ್ಲದು. ವೇಗವು ಇಮ್ಮಡಿಯಾದರೆ ಒತ್ತಡವು ನಾಲ್ಮಡಿ. ಮುಚ್ಚಿದ ಬಾನೆಟ್ಟಿನ ಮೇಲೆ ಇಷ್ಟೆಲ್ಲ ಬೀಳದು. ಮುಂದಿನ ಅಂಚು ನಾಲ್ಕು ಬೆರಳು ಎದ್ದಿತೆಂದರೆ ಮಾತು ಬೇರೆ. ಉಕ್ಕಿನದಕ್ಕೆ ತನ್ನ ತೂಕದ ಆಸರೆಯಾದರೂ ಉಂಟು, ಹಗುರಾದುದಕ್ಕೆ ಅದೂ ಇಲ್ಲ.

ಹಾಗಾದರೆ ಕೂಡಿಸುವ ಕ್ರಮವೇನು? ಮೊದಲು ಕೊಂಡಿಯ ಸ್ಥಾನವನ್ನು ನೋಡಬೇಕು. ಅಲ್ಲಿ ಪದರುಗಳ ನಡುವೆ ಲೋಹದ ಪಟ್ಟಿಯನ್ನು ಹುದುಗಿಸಿ, ಬೋಲ್ಟು ಅದನ್ನು ಹಿಡಿದಿರಬೇಕು. ಬರಿಯ ಅಂಟಿದ್ದರೆ ಆ ಸರಕನ್ನು ಹಿಂದಿರುಗಿಸುವದೇ ಲೇಸು. ಬಿಜಾಗರಿಗಳ ಬೋಲ್ಟುಗಳ ಕೆಳಗೆ ಅಗಲವಾದ ವಾಶರುಗಳಿರಬೇಕು, ಇಲ್ಲದಿದ್ದರೆ ಬಿಗಿದಷ್ಟೂ ಹಲಗೆಯು ನುಗ್ಗಾಗುವದು. ಕಾರ್ಬನ್ನು ವಿದ್ಯುದ್ವಾಹಕವಾದುದರಿಂದ, ಅಲ್ಯುಮಿನಿಯಮ್ಮಿಗೋ ಉಕ್ಕಿಗೋ ನೇರವಾಗಿ ತಗುಲಿ ನೀರು ಸೇರಿದರೆ ಆ ಲೋಹವನ್ನು ಬೇಗ ತಿನ್ನಿಸುವದು. ನಡುವೆ ಬಣ್ಣದ ಪದರೋ ರಬ್ಬರೋ ಬೇಕು. ಮೂಲ ಬಾನೆಟ್ಟನ್ನು ಎತ್ತಿ ಹಿಡಿಯಲು ಗ್ಯಾಸಿನ ದಂಡಗಳಿದ್ದರೆ ಅವುಗಳನ್ನು ಉಳಿಸಬಾರದು; ಉಕ್ಕಿನ ಭಾರಕ್ಕಾಗಿ ಮಾಡಿದ ಆ ದಂಡಗಳು ಹಗುರಾದ ಹಲಗೆಯನ್ನು ಸದಾ ಮೇಲಕ್ಕೆ ನೂಕಿ ಬಾಗಿಸುವವು. ಸಾಮಾನ್ಯ ಊರುಗೋಲೇ ಸಾಕು.

ಇಷ್ಟಾದ ಮೇಲೂ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಪಿನ್ನುಗಳನ್ನು ಹಾಕಿಸುವದು ಅವಶ್ಯವೆಂದು ನಮ್ಮ ಅಭಿಪ್ರಾಯ. ಪಿನ್ನುಗಳು ರೇಡಿಯೇಟರಿನ ಮೇಲಿನ ಗಟ್ಟಿ ಉಕ್ಕಿನ ಅಡ್ಡಪಟ್ಟಿಯಲ್ಲಿ ನೆಲೆಗೊಂಡಿರಬೇಕು, ಪ್ಲಾಸ್ಟಿಕ್ಕಿನ ಮುಚ್ಚಳದಲ್ಲಿ ಅಲ್ಲ. ತೂತು ಕೊರೆಯುವಾಗ ಮೇಲೆ ಟೇಪು ಹಚ್ಚಿ, ಅಡಿಗೆ ಮರದ ತುಂಡು ಕೊಟ್ಟು, ಹರಿತವಾದ ಡ್ರಿಲ್ಲಿನಿಂದ ಮೆಲ್ಲನೆ ಕೊರೆಯಬೇಕು. ತೂತಿನ ಅಂಚಿಗೆ ರಾಳ ಸವರಿ, ಮೇಲೆ ಲೋಹದ ಬಿಲ್ಲೆ ಕೂಡಿಸಬೇಕು. ಏಳುವ ಧೂಳು ಎಳೆಯ ಧೂಳು. ಮೂಗು ಬಾಯಿ ಕಟ್ಟಿಕೊಳ್ಳದೆ ಕೆಲಸ ಮಾಡುವ ಗ್ಯಾರೇಜಿನ ಹುಡುಗರನ್ನು ಕಂಡು ನಮಗೆ ಮರುಕವಾಯಿತು. ಅಂತರರಾಷ್ಟ್ರೀಯ ಮೋಟಾರು ಸಂಸ್ಥೆಯು ರ‍್ಯಾಲಿಯ ಮೋಟಾರುಗಳಿಗೆ ಇಂಥ ಎರಡು ಹೆಚ್ಚಿನ ಬಂಧಗಳನ್ನು ವಿಧಿಸಿ, ಮೂಲ ಬೀಗವನ್ನು ತೆಗೆಯಹೇಳುವದು. ಇದನ್ನು ಓದಿ ಕೆಲವರು ಊರಿನ ಮೋಟಾರಿನ ಬೀಗವನ್ನೂ ಕಿತ್ತು ಹಾಕಿರುವರು. ಅದು ತಪ್ಪು. ಸ್ಪರ್ಧೆಯಲ್ಲಿ ಪ್ರತಿ ಓಟಕ್ಕೆ ಮುನ್ನ ಪರೀಕ್ಷಕರು ಪಿನ್ನನ್ನು ನೋಡುವರು. ಬದಾಮಿಯ ಸಂತೆಗೆ ಹೊರಟವನ ಪಿನ್ನನ್ನು ಯಾರು ನೋಡುವರು? ಬೀಗವೂ ಇರಲಿ, ಪಿನ್ನೂ ಇರಲಿ. ನೂರು ಕಿಲೋಮೀಟರು ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಲಿ.

ನಮ್ಮ ಸೀಮೆಯ ಬಿಸಿಲಿನ ಮಾತೂ ಉಂಟು. ಸಾಧಾರಣ ಉಷ್ಣದಲ್ಲಿ ಗಟ್ಟಿಗೊಳಿಸಿದ ಅಗ್ಗದ ರಾಳವು, ವೈಶಾಖದಲ್ಲಿ ಮೇಲಿನಿಂದ ಸೂರ್ಯನೂ ಕೆಳಗಿನಿಂದ ಎಂಜಿನ್ನೂ ಕಾಯಿಸುವಾಗ ಮೆತ್ತಗಾಗುವದುಂಟು. ಬಿಸಿಲನ್ನು ತಡೆಯುವ ಮೇಲ್ಲೇಪವಿಲ್ಲದಿದ್ದರೆ ರಾಳವು ಹಳದಿಯಾಗಿ ಬಿರಿಯುವದು.

ಇನ್ನು ಕಾಯದೆ. 1988ರ ಮೋಟಾರು ವಾಹನಗಳ ಕಾಯದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕನು ನಿಗದಿಪಡಿಸಿದವುಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುವದು. 2019ರ ಜನವರಿಯಲ್ಲಿ ಕೇರಳದಿಂದ ಬಂದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಬಿಗಿಯಾಗಿ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಆದರೆ ಮಾರ್ಪಾಡೆಂದರೆ ವಾಹನದ ಮೂಲ ಲಕ್ಷಣವನ್ನು ಬದಲಿಸುವ ರಚನೆಯ ವ್ಯತ್ಯಾಸವೆಂದು 52ನೆಯ ಕಲಮೇ ವಿವರಿಸುವದು. ಅದೇ ಆಕಾರದ ಬಾನೆಟ್ಟು ಮೂಲ ಲಕ್ಷಣವೇ? ಬಿಳಿಯ ಮೋಟಾರಿಗೆ ಕರಿಯ ಬಾನೆಟ್ಟು ಬಂದರೆ, ಪತ್ರದಲ್ಲಿ ಬರೆದ ಬಣ್ಣವು ಬದಲಾಯಿತೇ? ಆಕಾರವು ಬದಲಾಗದಿದ್ದರೆ ಅದು ಅಪರಾಧವಾಗಬಾರದೆಂದು ನಮಗೆ ತೋರುವದು. ಆದರೆ ನಮ್ಮ ತೋರಿಕೆಯನ್ನು ನಂಬಿ ಯಾರೂ ದಂಡ ತೆರುವದು ಬೇಡ. ಅಧಿಕಾರಿಗಳ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ: ಢಿಕ್ಕಿಯಾದಾಗ ನಡುವೆ ಮಡಚಿಕೊಳ್ಳಲೆಂದೇ, ಪಾದಚಾರಿಯ ತಲೆಗೆ ಪೆಟ್ಟು ತಗ್ಗಲೆಂದೇ ಮೂಲ ಬಾನೆಟ್ಟನ್ನು ರೂಪಿಸಿರುವರು, ಪರೀಕ್ಷೆಯಿಲ್ಲದ ಹಲಗೆಯು ಮಡಚದೆ ಸೀಳಿ ಹೋದೀತು. ವಿಮೆಯವರಿಗೆ ತಿಳಿಸದೆ ಬದಲಿಸಿದವನ ಪರಿಹಾರದ ಹಣಕ್ಕೂ ಸಂಚಕಾರ.

ಹೀಗಿರಲು ಬಾಗಲಕೋಟೆಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಯಾವ ಬದಲಾವಣೆಗೆ ಅನುಮತಿ ಬೇಕು, ಯಾವದಕ್ಕೆ ಬೇಡ, ಬಾನೆಟ್ಟು ಎತ್ತ ಸೇರಿತು ಎಂಬುದನ್ನು ಕನ್ನಡದಲ್ಲಿ ಬರೆದು ಕಚೇರಿಯ ಬಾಗಿಲಿಗೆ ಹಚ್ಚಿಸಲಿ. ದಾರಿಯಲ್ಲಿ ನಿಲ್ಲಿಸಿ ದಂಡ ಹಾಕಿದ ಮೇಲೆ ನಿಯಮವನ್ನು ತಿಳಿಸುವ ಪದ್ಧತಿಯು ಪ್ರಜೆಗಳ ಸರಕಾರಕ್ಕೆ ಒಪ್ಪುವದಲ್ಲ. 1963ರಿಂದ ಈ ಊರಿನಲ್ಲಿ ನಡೆದಿರುವ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನವರು ಗ್ಯಾರೇಜಿನ ಕೆಲಸಗಾರರಿಗಾಗಿ ಎರಡು ರವಿವಾರ ಪಾಠ ಏರ್ಪಡಿಸಿದರೆ, ಹುನಗುಂದ, ಬದಾಮಿ, ಇಳಕಲ್ಲಿನಿಂದ ಬರುವವರ ಬಸ್ಸಿನ ವೆಚ್ಚವನ್ನು ಭರಿಸಲು ನಮ್ಮ ಕಚೇರಿಯು ಸಿದ್ಧವಿದೆ. ಸಾರಿಗೆ ಅಧಿಕಾರಿಗಳವರಿಗೆ ನಿನ್ನೆಯೇ ಪತ್ರ ಬರೆದಿರುವೆವು. ಉತ್ತರವು ಬಂದೊಡನೆ ಅದನ್ನು ಇದೇ ಪುಟದಲ್ಲಿ ಅಚ್ಚು ಮಾಡುವೆವು.