ಯಂತ್ರಲೋಕ: ಸರಪಳಿ ಎಷ್ಟು ಬಿಗಿಯಿರಬೇಕು?



ರಜೆಯಲ್ಲಿ ಊರಿಗೆ ಹೋಗುವಾಗ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ ದಾಟಿ ವಾಡಿ ಜಂಕ್ಷನ್ ಸಮೀಪಿಸಿದಾಗ, ಕಿಟಕಿಯಾಚೆ ಸಿಮೆಂಟ್ ಕಾರ್ಖಾನೆಯ ಗೋಪುರಗಳನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಸುಣ್ಣಕಲ್ಲು ಧಾರಾಳವಾಗಿರುವ ನಾಡು ಅದು. ಇಂಥ ಕಾರ್ಖಾನೆಗಳಲ್ಲಿ ಕಲ್ಲಿನ ಪುಡಿ, ಕ್ಲಿಂಕರ್, ಸಿಮೆಂಟು ಎಲ್ಲವನ್ನೂ ನೆಲದಿಂದ ಹತ್ತಾರು ಮೀಟರ್ ಎತ್ತರಕ್ಕೆ ಏರಿಸಬೇಕು. ಆ ಕೆಲಸ ಮಾಡುವ ಯಂತ್ರವೇ ಬಕೆಟ್ ಎಲಿವೇಟರ್.

ಉತ್ತರ ಭಾರತದ ಹಳ್ಳಿಗಳಲ್ಲಿ ಬಾವಿಯಿಂದ ನೀರೆತ್ತುತ್ತಿದ್ದ ರಹಟ್‌ನ ಬಗ್ಗೆ ದಿಲ್ಲಿಯ ಓದುಗರು ಕೇಳಿರುತ್ತಾರೆ. ಗಡಿಗೆಗಳ ಸರವೊಂದು ಚಕ್ರದ ಮೇಲೆ ಸುತ್ತುತ್ತಾ ತುಂಬಿ ಮೇಲೇರಿ, ಬರಿದಾಗಿ ಕೆಳಗಿಳಿಯುತ್ತಿತ್ತು. ಬಕೆಟ್ ಎಲಿವೇಟರಿನ ತತ್ತ್ವವೂ ಅದೇ. ಗಡಿಗೆಯ ಬದಲು ಉಕ್ಕಿನ ಬಕೆಟ್, ಹಗ್ಗದ ಬದಲು ಉಕ್ಕಿನ ಸರಪಳಿ, ಎತ್ತಿನ ಬದಲು ಮೋಟಾರು. ಮೇಲಿನ ಚಕ್ರವಿರುವ ಭಾಗಕ್ಕೆ ಹೆಡ್ ಎಂದೂ ಕೆಳಗಿನ ಚಕ್ರವಿರುವ ಭಾಗಕ್ಕೆ ಬೂಟ್ ಎಂದೂ ಹೆಸರು. ಮೋಟಾರು ಹೆಡ್‌ನಲ್ಲಿರುತ್ತದೆ. ಸರಪಳಿಯ ಬಿಗಿತವನ್ನು ಹೊಂದಿಸುವ ತಿರುಪುಗಳು ಸಾಮಾನ್ಯವಾಗಿ ಬೂಟಿನ ಎರಡೂ ಬದಿಗಳಲ್ಲಿರುತ್ತವೆ.

ಈ ಬಿಗಿತ ಎಷ್ಟಿರಬೇಕು? ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದಿ ಟ್ರೈನಿಯಾಗಿ ಸೇರುವ ಹೊಸಬರಲ್ಲಿ ಅನೇಕರು ‘ಬಿಗಿಯಾದಷ್ಟೂ ಒಳ್ಳೆಯದು’ ಎಂದುಕೊಳ್ಳುತ್ತಾರೆ. ಈ ಭಾವನೆ ಬರುವುದು ಬೆಲ್ಟಿನಿಂದ. ಬೆಲ್ಟು ಚಕ್ರವನ್ನು ಹಿಡಿದುಕೊಳ್ಳುವುದು ಘರ್ಷಣೆಯ ಬಲದಿಂದ. ಹಾಗಾಗಿ ಅದನ್ನು ಎಳೆದು ಕಟ್ಟಲೇಬೇಕು. ಆದರೆ ಹಲ್ಲುಚಕ್ರದ ಮೇಲೆ ಓಡುವ ಸರಪಳಿಯನ್ನು ಹಲ್ಲುಗಳೇ ಹಿಡಿದಿರುತ್ತವೆ. ಜೊತೆಗೆ ಸರಪಳಿ ಮತ್ತು ಬಕೆಟ್‌ಗಳ ಸ್ವಂತ ಭಾರವೇ ಅದನ್ನು ಮೇಲಿನ ಚಕ್ರದ ಮೇಲೆ ಗಟ್ಟಿಯಾಗಿ ಕೂರಿಸುತ್ತದೆ. ಆದ್ದರಿಂದ ಬೂಟಿನ ತಿರುಪು ಮಾಡಬೇಕಾದದ್ದು ಇಷ್ಟೇ: ಜೋಲನ್ನು ತೆಗೆದು, ಕೆಳಗಿನ ಚಕ್ರದಲ್ಲಿ ಸರಪಳಿ ನೆಟ್ಟಗೆ ಓಡುವಂತೆ ನೋಡಿಕೊಳ್ಳುವುದು.

ಅದಕ್ಕಿಂತ ಹೆಚ್ಚು ಬಿಗಿದರೆ ಆ ಎಳೆತವೆಲ್ಲ ಪಿನ್ನು, ಬುಷ್ಷು, ಬೇರಿಂಗು, ಶಾಫ್ಟುಗಳ ಮೇಲೆ ಬಿದ್ದು ಅವು ಬೇಗ ಸವೆಯುತ್ತವೆ. ಸಡಿಲ ಬಿಟ್ಟರೆ ಬಕೆಟ್‌ಗಳು ಓಲಾಡಿ ಗೂಡಿನ ಗೋಡೆಗೆ ಬಡಿಯುತ್ತವೆ, ಸರಪಳಿ ಹಲ್ಲು ತಪ್ಪುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಸರಪಳಿಗೂ ಸಲ್ಲುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯಿದೆ. ‘ಸರಪಳಿ ಎಳೆದು ಉದ್ದವಾಗಿದೆ’ ಎನ್ನುತ್ತಾರೆ. ವಾಸ್ತವವಾಗಿ ಉಕ್ಕಿನ ಪಟ್ಟಿ ಉದ್ದವಾಗಿರುವುದಿಲ್ಲ. ಪ್ರತಿಯೊಂದು ಕೀಲಿನಲ್ಲಿ ಪಿನ್ನೂ ಬುಷ್ಷೂ ಸವೆದು ಸಂದು ಬಿಟ್ಟಿರುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ಸರಪಳಿಯ ಒಟ್ಟು ಸುತ್ತು 60 ಮೀಟರ್, ಒಂದು ಕೊಂಡಿಯ ಅಳತೆ 200 ಮಿಲಿಮೀಟರ್ ಎಂದುಕೊಳ್ಳಿ. ಆಗ ಕೀಲುಗಳು 300. ಪ್ರತಿ ಕೀಲಿನಲ್ಲಿ ಒಂದೇ ಒಂದು ಮಿಲಿಮೀಟರ್ ಸವೆದರೂ ಸರಪಳಿ 300 ಮಿಲಿಮೀಟರ್ ಉದ್ದವಾಯಿತು! ಅದನ್ನು ಸರಿಪಡಿಸಲು ಕೆಳಗಿನ ಶಾಫ್ಟನ್ನು 150 ಮಿಲಿಮೀಟರ್ ಇಳಿಸಬೇಕಾಗುತ್ತದೆ.

ಅಂದರೆ ತಿರುಪು ತಿರುಗಿಸಿದಾಗ ಜೋಲು ಮಾತ್ರ ಹೋಗುತ್ತದೆ, ಸವೆತ ಹೋಗುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಎಷ್ಟು ಇಳಿಸಿದಿರಿ ಎಂಬುದನ್ನು ತಾರೀಖಿನೊಡನೆ ಬರೆದಿಡಿ. ಅಳತೆಗಳು ಬೇಗಬೇಗ ಏರತೊಡಗಿದರೆ ಸರಪಳಿಯ ಆಯುಷ್ಯ ಮುಗಿಯುತ್ತಾ ಬಂದಿದೆ ಎಂದೇ ಅರ್ಥ. ಸಾಮಾನ್ಯವಾಗಿ ಪ್ರತಿಶತ 2ರಿಂದ 3ರಷ್ಟು ಉದ್ದವಾದ ಸರಪಳಿಯನ್ನು ಬದಲಿಸುತ್ತಾರೆ. ಖಚಿತ ಮಿತಿಗೆ ತಯಾರಕರ ಕೈಪಿಡಿಯನ್ನೇ ನೋಡಬೇಕು. ಜೋಡಿ ಸರಪಳಿಯಿದ್ದಲ್ಲಿ ಕೊಂಡಿ ತೆಗೆಯುವುದಾದರೆ ಎರಡರಲ್ಲೂ ಸಮನಾಗಿ ತೆಗೆಯಬೇಕು. ಒಂದನ್ನು ಮಾತ್ರ ಹೊಸದು ಹಾಕಿದರೆ ಬಕೆಟ್‌ಗಳು ಓರೆಯಾಗುತ್ತವೆ.

ಇನ್ನು ಕೆಲಸದ ಕ್ರಮ. ಮೊದಲು ಬಕೆಟ್‌ಗಳೆಲ್ಲ ಬರಿದಾಗುವವರೆಗೆ ಓಡಿಸಿ ನಿಲ್ಲಿಸಿ. ಬಟನ್ ಒತ್ತಿ ನಿಲ್ಲಿಸಿದರೆ ಸಾಲದು. ಮೋಟಾರಿನ ಐಸೊಲೇಟರ್ ಆರಿಸಿ, ಅದಕ್ಕೆ ನಿಮ್ಮದೇ ಬೀಗ ಹಾಕಿ, ಕೀಲಿಕೈಯನ್ನು ನಿಮ್ಮದೇ ಜೇಬಿನಲ್ಲಿಟ್ಟುಕೊಳ್ಳಿ. ಹೆಸರಿನ ಚೀಟಿ ತೂಗಿಸಿ. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ, ಯಂತ್ರ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಇಷ್ಟಾದರೂ ಕೈ ಹಾಕಬೇಡಿ. ಒಂದು ಬದಿಯ ಬಕೆಟ್‌ಗಳಲ್ಲಿ ಸರಕು ಉಳಿದಿದ್ದರೆ, ವಿದ್ಯುತ್ತಿಲ್ಲದೆಯೂ ಸರಪಳಿ ಆ ಭಾರಕ್ಕೆ ಹಿಂದಕ್ಕೆ ಓಡಬಲ್ಲದು. ಇದನ್ನು ತಡೆಯಲು ಹೆಡ್‌ನಲ್ಲಿ ಬ್ಯಾಕ್‌ಸ್ಟಾಪ್ ಇರುತ್ತದೆ ನಿಜ. ಅದೂ ಒಂದು ಯಂತ್ರವೇ, ಅದೂ ಸವೆಯುತ್ತದೆ. ಸರಪಳಿಯನ್ನು ಭದ್ರವಾಗಿ ಕಟ್ಟಿ ಹಾಕಿದ ಮೇಲೆಯೇ ಬಾಗಿಲು ತೆರೆಯಬೇಕು. ಕ್ಲಿಂಕರಿನ ಎಲಿವೇಟರಾದರೆ ಒಳಗಿನ ಧೂಳು ಕೂಡ ಸುಡುತ್ತಿರುತ್ತದೆ.

ಬೂಟಿನಲ್ಲಿ ಗಟ್ಟಿಯಾಗಿ ಕೂತ ಸರಕನ್ನು ಮೊದಲು ತೆಗೆಯಿರಿ. ಅದು ಅಡ್ಡವಿದ್ದರೆ ತಿರುಪು ಬಿಗಿಯಾದಂತೆ ಸುಳ್ಳು ಹೇಳುತ್ತದೆ. ಲಾಕ್ ನಟ್ ಸಡಿಲಿಸಿ, ಎಡಕ್ಕೆ ಒಂದು ಸುತ್ತು, ಬಲಕ್ಕೆ ಒಂದು ಸುತ್ತು, ಹೀಗೆ ಸಮನಾಗಿ ತಿರುಗಿಸುತ್ತಾ ಹೋಗಿ. ಸುತ್ತಿನ ಎಣಿಕೆಯನ್ನಷ್ಟೇ ನಂಬದೆ ಎರಡೂ ಬದಿ ಸ್ಕೇಲು ಹಿಡಿದು ಅಳೆಯಿರಿ. ಶಾಫ್ಟಿನ ಮೇಲೆ ರಸಮಟ್ಟ ಇಟ್ಟು ನೋಡಿ. ಶಾಫ್ಟು ಕೆಳಗಿಳಿದಂತೆ ಬಕೆಟ್‌ಗೂ ಬೂಟಿನ ತಳಕ್ಕೂ ನಡುವಿನ ಅಂತರ ಕಡಿಮೆಯಾಗುತ್ತದೆಂಬುದು ನೆನಪಿರಲಿ. ತಿರುಪಿನ ಬದಲು ತೂಕದ ಕಲ್ಲು ತೂಗಿಸಿದ ಎಲಿವೇಟರುಗಳಲ್ಲಿ, ಆ ಚೌಕಟ್ಟು ಧೂಳಿನಿಂದ ಸಿಕ್ಕಿಕೊಳ್ಳದೆ ಸಲೀಸಾಗಿ ಇಳಿಯುತ್ತಿದೆಯೇ ಎಂದು ನೋಡಿದರೆ ಸಾಕು.

ಲಾಕ್ ನಟ್ ಬಿಗಿದು, ಸರಪಳಿಯ ಕಟ್ಟು ಬಿಚ್ಚಿ, ಬಾಗಿಲುಗಳನ್ನು ಮುಚ್ಚಿ, ಎಲ್ಲರೂ ಹೊರಗಿದ್ದಾರೆಂದು ತಲೆ ಎಣಿಸಿದ ಮೇಲೆ ಬೀಗ ತೆಗೆಯಿರಿ. ನಿಧಾನವಾಗಿ ಒಂದು ಪೂರ್ತಿ ಸುತ್ತು ಬರಿದೇ ಓಡಿಸಿ ಕಿವಿಗೊಡಿ. ಬಡಿಯುವ ಸದ್ದು ಕೇಳಬಾರದು. ಮೋಟಾರಿನ ಆಂಪಿಯರ್ ಮೊದಲಿಗಿಂತ ಏರಿದ್ದರೆ ಬಿಗಿತ ಹೆಚ್ಚಾಗಿದೆಯೇ ಎಂದು ಮತ್ತೆ ನೋಡಬೇಕು. ಹೊಸ ಸರಪಳಿಯಾದರೆ ಮೊದಲ ಕೆಲವು ದಿನ ಮತ್ತೆ ಮತ್ತೆ ಪರೀಕ್ಷಿಸಬೇಕು, ಏಕೆಂದರೆ ಅದು ಆಗಷ್ಟೇ ಹೊಂದಿಕೊಳ್ಳುತ್ತಿರುತ್ತದೆ.

‘ಐದು ನಿಮಿಷದ ಕೆಲಸಕ್ಕೆ ಇಷ್ಟೆಲ್ಲ ಏಕೆ? ಓಡುತ್ತಿರುವಾಗಲೇ ತಿರುಗಿಸಬಹುದಲ್ಲ?’ ಎಂದು ಯಾರಾದರೂ ಅವಸರಪಡಿಸಿಯಾರು. 1948ರ ಕಾರ್ಖಾನೆ ಕಾಯಿದೆಯ 22ನೆಯ ಕಲಮೇ, ಚಲಿಸುತ್ತಿರುವ ಯಂತ್ರದ ಬಳಿ ಹೋಗುವವನು ವಿಶೇಷ ತರಬೇತಿ ಪಡೆದಿರಬೇಕು, ಮೈಗಂಟಿದ ಉಡುಪು ತೊಟ್ಟಿರಬೇಕು, ಅವನ ಹೆಸರು ರಿಜಿಸ್ಟರಿನಲ್ಲಿರಬೇಕು ಎಂದು ವಿಧಿಸಿತ್ತು. ಅಷ್ಟು ಹಿಂದೆಯೇ ಇಷ್ಟು ಬಿಗಿಯಾಗಿ ಬರೆದದ್ದು ಸುಮ್ಮನೆ ಅಲ್ಲ. ಕಾರ್ಖಾನೆ ಒಂದು ಗಂಟೆ ನಿಂತರೆ ಆಗುವ ನಷ್ಟವನ್ನು ಮುಂದಿನ ಪಾಳಿಯಲ್ಲಿ ತುಂಬಿಕೊಳ್ಳಬಹುದು. ಹೋದ ಬೆರಳು ಮತ್ತೆ ಬಾರದು. ಕಿರಿಯರಾದರೂ ಇಂಥಲ್ಲಿ ‘ನಿಲ್ಲಿಸಿ’ ಎನ್ನಲು ಹಿಂಜರಿಯಬೇಡಿ.

ಕೊನೆಯದಾಗಿ ಒಂದು ಮಾತು. ನಿಮ್ಮಲ್ಲಿ ಯಾರಿಗಾದರೂ ವಾಡಿ, ಸೇಡಂ ಕಡೆ ಕೆಲಸ ಸಿಕ್ಕಿದರೆ, ಅಲ್ಲಿನ ಹಿರಿಯ ಫಿಟ್ಟರ್ ಬಂದು ‘ಚೈನ್ ಸಡ್ಲ ಆಗ್ಯಾದ್ರಿ’ ಎಂದಾನು. ಮನೆಯಲ್ಲಿ ತಂದೆತಾಯಿಯೊಡನೆ ಆಡುವ ಕನ್ನಡ ನಿಮಗೆ ಅಲ್ಲಿ ಕೈಪಿಡಿಯಷ್ಟೇ ಉಪಯೋಗಕ್ಕೆ ಬರುತ್ತದೆ. ಸದ್ದು ಕೇಳಿಯೇ ಸಡಿಲವನ್ನು ಗುರುತಿಸುವ ಆತನ ಅನುಭವ ಪುಸ್ತಕದಲ್ಲಿ ಸಿಗದು. ಅವನನ್ನು ಕೇಳಿ, ಕಲಿಯಿರಿ. ಅಳೆದು ಬರೆದಿಡುವ ಕೆಲಸವನ್ನು ನೀವು ಮಾಡಿ.

ಮುಂದಿನ ಸಂಚಿಕೆಯಲ್ಲಿ ಬೇರಿಂಗುಗಳ ಬಗ್ಗೆ ನೋಡೋಣ. ನಿಮ್ಮ ಪ್ರಶ್ನೆಗಳನ್ನು ಸಂಘದ ವಿಳಾಸಕ್ಕೆ ಬರೆದು ಕಳಿಸಿ. ಕನ್ನಡ ಬರವಣಿಗೆ ರೂಢಿಯಿಲ್ಲದವರು ತಪ್ಪಾದೀತೆಂದು ಅಂಜಬೇಕಾಗಿಲ್ಲ.