ಜೀರ್ಣರಥೋದ್ಧಾರ

ಜಯನಗರ, ಬನಶಂಕರಿ ಮೊದಲಾದ ಬಡಾವಣೆಗಳಲ್ಲಿ ಹಳೆಯ ಮನೆಗಳು ಒಂದೊಂದಾಗಿ ಉರುಳಿ, ಅವುಗಳ ಸ್ಥಾನದಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏಳುತ್ತಿರುವುದನ್ನು ವಾಚಕರು ಬಲ್ಲರು. ಮನೆಯನ್ನು ಕೆಡಹುವ ಮಾತು ಬಂದೊಡನೆ ಏಳುವ ಪ್ರಶ್ನೆಗಳಲ್ಲಿ ಒಂದು, ಷೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿರುವ ತೀರ್ಥರೂಪರ ಕಾಲದ ಕಾರನ್ನು ಏನು ಮಾಡಬೇಕೆಂಬುದು. ಗುಜರಿಯವನು ತೂಕದ ಲೆಕ್ಕದಲ್ಲಿ ಕೊಳ್ಳಲು ಸಿದ್ಧನಾಗಿರುವನು. ಮನೆಯ ಹಿರಿಯ ಹೆಂಗಸರು ಒಪ್ಪುವುದಿಲ್ಲ.

ಈಚೆಗೆ ನಮ್ಮ ಪರಿಚಯದ ಮನೆಯೊಂದರಲ್ಲಿ ಹೀಗೆಯೇ ಆಯಿತು. ಕಾರು 1968ರ ಫಿಯಟ್ 1100 ಡಿಲೈಟ್. ಮಗನು ಮನಸ್ಸು ಮಾಡಿ ಎಂಜಿನನ್ನು ಬಿಚ್ಚಿಸಿ ಸರಿಮಾಡಿಸಿದನು, ಟಿಂಕರಿಂಗ್ ಮಾಡಿಸಿದನು, ಬಣ್ಣ ಹೊಡೆಸಿದನು. ಏಪ್ರಿಲ್ ತಿಂಗಳ ಮೊದಲ ಗುಡುಗು ಮಳೆಗೇ ಒಳಗಿನ ನೆಲಹಾಸು ನೀರಿನಲ್ಲಿ ಮುಳುಗಿತು. ಸಾವಿರಾರು ರೂಪಾಯಿಗಳನ್ನು ಕಣ್ಣಿಗೆ ಕಾಣುವ ಕೆಲಸಕ್ಕೆ ಸುರಿದವರು, ಗಾಜುಗಳ ಸುತ್ತಲಿನ ರಬ್ಬರನ್ನು, ನಮ್ಮ ಊರಿನ ಕುಶಲಕರ್ಮಿಗಳು ಬೀಡಿಂಗ್ ಎನ್ನುವ ಆ ಕಪ್ಪು ಪಟ್ಟಿಯನ್ನು, ಹಾಗೆಯೇ ಬಿಟ್ಟಿದ್ದರು. ಹೊಸ ಬಣ್ಣದ ಕೆಳಗೆ ತುಕ್ಕು ಹಿಡಿಯಲು ಇಷ್ಟು ಸಾಕು. ಎರಡು ಮಳೆಗಾಲಗಳಲ್ಲಿ ನೆಲದ ತಗಡು ತೂತಾಗುವುದು.

ಹಳೆಯ ರಬ್ಬರು ಬಿಸಿಲಿಗೂ ವಾಯುವಿನಲ್ಲಿರುವ ಓಜೋನಿಗೂ ಸಿಕ್ಕಿ ಕ್ರಮೇಣ ಗಟ್ಟಿಯಾಗಿ, ಕುಗ್ಗಿ, ಬಿರುಕು ಬಿಡುವುದು. ಎಣ್ಣೆ ಸವರಿದರೆ ಮೃದುವಾದೀತೆಂದು ಹಲವರು ಭಾವಿಸುವರು. ಎಣ್ಣೆಯು ರಬ್ಬರನ್ನು ಉಬ್ಬಿಸಿ ಕೆಡಿಸುವುದೇ ಹೊರತು ಯೌವನವನ್ನು ಮರಳಿ ಕೊಡದು. ಈಗ ಈ ಕೆಲಸಕ್ಕೆ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರು ದೊರೆಯುತ್ತದೆ. ಇದು ಬಿಸಿಲು ಮಳೆಗಳನ್ನು ಬಹುಕಾಲ ತಾಳಿಕೊಳ್ಳುವುದು. ಆದರೆ ಪೆಟ್ರೋಲು, ಸೀಮೆಎಣ್ಣೆ, ಗ್ರೀಸುಗಳನ್ನು ಸಹಿಸದು. ಕೂಡಿಸುವಾಗ ಜಾರಲೆಂದು ಸೋಪಿನ ನೀರನ್ನು ಮಾತ್ರ ಬಳಸತಕ್ಕದ್ದು.

ಇಲ್ಲಿ ನಮಗೆ ಮೀಮಾಂಸಕರ ಒಂದು ವಿಚಾರ ನೆನಪಾಗುತ್ತದೆ. ಯಜ್ಞಕ್ಕೆ ಸೋಮಲತೆ ದೊರೆಯದಿದ್ದರೆ ಪೂತೀಕವೆಂಬ ಬಳ್ಳಿಯನ್ನು ಪ್ರತಿನಿಧಿಯಾಗಿ ತರಬಹುದು. ಆ ಪ್ರತಿನಿಧಿಯೂ ನಡುವೆ ನಷ್ಟವಾದರೆ ಏನು ಮಾಡಬೇಕು? ಪೂತೀಕವನ್ನು ಹೋಲುವುದನ್ನು ಹುಡುಕಬೇಕೆ, ಸೋಮವನ್ನು ಹೋಲುವುದನ್ನು ಹುಡುಕಬೇಕೆ? ಜೈಮಿನಿ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಈ ಪ್ರಶ್ನೆ ಬಂದಿದೆ. ಮುಖ್ಯದ್ರವ್ಯವನ್ನು ಹೋಲುವುದನ್ನೇ ತರಬೇಕೆಂಬುದು ಅಲ್ಲಿಯ ಸಿದ್ಧಾಂತ. ಕಾರಿನ ಬೀಡಿಂಗಿಗೆ ಇದು ಅಕ್ಷರಶಃ ಅನ್ವಯಿಸುತ್ತದೆಂದರೆ ಪಂಡಿತರು ನಕ್ಕಾರು, ನಗಲಿ. ಐವತ್ತು ವರ್ಷಗಳ ಕಾರಿನಲ್ಲಿ ಈಗ ಇರುವ ರಬ್ಬರು ಬಹುಶಃ ಕಾರ್ಖಾನೆಯದಲ್ಲ. ಹಿಂದೆ ಯಾವನೋ ಕೈಗೆ ಸಿಕ್ಕಿದ್ದನ್ನು ತುರುಕಿದ್ದಾನೆ. ಅದರ ತುಂಡನ್ನು ಅಂಗಡಿಗೆ ಒಯ್ದು ಇಂಥದೇ ಕೊಡಿ ಎಂದರೆ ಪ್ರತಿನಿಧಿಗೆ ಪ್ರತಿನಿಧಿಯನ್ನು ತಂದಂತಾಯಿತು. ಒಂದು ವೇಳೆ ಕಾರ್ಖಾನೆಯದೇ ಆಗಿದ್ದರೂ ಅದು ಕುಗ್ಗಿರುವುದು. ಆದಕಾರಣ ಅಳತೆಯನ್ನು ಗಾಜಿನ ದಪ್ಪದಿಂದಲೂ ತಗಡಿನ ಅಂಚಿನ ದಪ್ಪದಿಂದಲೂ ಇವೆರಡರ ನಡುವಣ ಅಂತರದಿಂದಲೂ ತೆಗೆದುಕೊಳ್ಳಬೇಕು. ನಮ್ಮ ಮಿತ್ರರ ಮಗನು ಮೊದಲ ಸಲ ಹಳೆಯ ತುಂಡನ್ನು ನಂಬಿ ತಂದ ಬೀಡಿಂಗ್ ನಿರುಪಯುಕ್ತವಾಯಿತು.

ಮುಂದಿನ ದೊಡ್ಡ ಗಾಜನ್ನು ತೆಗೆಯುವಾಗ ಹಳೆಯ ರಬ್ಬರನ್ನು ಉಳಿಸುವ ಆಸೆ ಬೇಡ. ಅದರ ತುಟಿಯನ್ನು ಚಾಕುವಿನಿಂದ ಕೊಯ್ದು ಗಾಜನ್ನು ಬಿಡಿಸಬೇಕು. ರಬ್ಬರಿಗಾಗಿ ಎಳೆದಾಡಿ ಗಾಜನ್ನು ಒಡೆದುಕೊಂಡವರು ಬಹಳ. ಗಾಜು ಹೊರಬಂದ ಮೇಲೆ ತಗಡಿನ ಅಂಚನ್ನು ಕಣ್ಣಿಟ್ಟು ನೋಡಿ, ತುಕ್ಕನ್ನು ಕೆರೆದು, ಪ್ರೈಮರು ಬಳಿದು, ಅದು ಒಣಗುವವರೆಗೆ ತಾಳ್ಮೆಯಿಂದಿರಬೇಕು. ತರುವಾಯ ಹೊಸ ರಬ್ಬರನ್ನು ಗಾಜಿನ ಸುತ್ತ ಕೂಡಿಸುವುದು. ರಬ್ಬರನ್ನು ಎಳೆದು ಕೂಡಿಸಬಾರದು. ಎಳೆದ ರಬ್ಬರು ಕೆಲವು ವಾರಗಳಲ್ಲಿ ಹಿಂದಕ್ಕೆ ಸರಿದು ಮೂಲೆಗಳಲ್ಲಿ ಬಾಯಿ ಬಿಡುವುದು. ಅಳತೆಗಿಂತ ಕೊಂಚ ಉದ್ದವಾಗಿಯೇ ಕತ್ತರಿಸಿ ಒತ್ತಿ ಸೇರಿಸುವುದು ಲೇಸು. ಆಮೇಲೆ ತಗಡು ಕೂರುವ ಗಾಡಿಯಲ್ಲಿ ಒಂದು ನಯವಾದ ಹುರಿಯನ್ನು ಸುತ್ತಲೂ ಇಟ್ಟು, ಅದರ ಎರಡು ತುದಿಗಳನ್ನೂ ಕೆಳಭಾಗದ ನಡುವೆ ಒಳಕ್ಕೆ ಬಿಡಬೇಕು. ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಗಾಜನ್ನು ಒತ್ತುತ್ತಿರಲು, ಮತ್ತೊಬ್ಬರು ಒಳಗೆ ಕುಳಿತು ಹುರಿಯನ್ನು ಮೆಲ್ಲಗೆ ಎಳೆಯುತ್ತ ಬಂದರೆ ರಬ್ಬರಿನ ತುಟಿ ತಾನಾಗಿ ಅಂಚಿನ ಮೇಲೆ ಮಗುಚಿ ಕೂರುವುದು. ಈ ದೃಶ್ಯವನ್ನು ನೋಡಲು ಬೀದಿಯ ಮಕ್ಕಳೆಲ್ಲ ಸೇರಿದ್ದರು. ಆತುರಪಟ್ಟು ಗುದ್ದುವವರು ಈ ಕೆಲಸಕ್ಕೆ ಬಾರರು.

ಬಾಗಿಲಿನ ಬೀಡಿಂಗ್ ವಿಷಯದಲ್ಲಿ ತಪ್ಪು ಬೇರೆ ಬಗೆಯದು. ನೀರು ಬರದಿರಲೆಂದು ದಪ್ಪನೆಯದನ್ನು ಹಾಕುವರು, ಬಾಗಿಲು ಮುಚ್ಚುವುದಿಲ್ಲ, ಆಗ ಕೀಲನ್ನು ದೂಷಿಸಿ ಅದನ್ನು ಬಗ್ಗಿಸುವರು. ಒಂದು ಕಾಗದದ ಪಟ್ಟಿಯನ್ನು ಬಾಗಿಲಿನ ಸಂದಿಯಲ್ಲಿಟ್ಟು ಮುಚ್ಚಿ ಎಳೆದು ನೋಡಿರಿ. ಸುತ್ತಲೂ ಒಂದೇ ಬಗೆಯ ಬಿಗಿಯಿಂದ ಜಾರಿ ಬಂದರೆ ಸರಿ. ಮತ್ತೊಂದು ಸಂಗತಿ ಅನೇಕರಿಗೆ ಆಶ್ಚರ್ಯವನ್ನುಂಟುಮಾಡೀತು: ಇಳಿಸಿ ಏರಿಸುವ ಗಾಜಿನ ಪಕ್ಕದಿಂದ ಬಾಗಿಲಿನ ಹೊಟ್ಟೆಯೊಳಕ್ಕೆ ಸ್ವಲ್ಪ ನೀರು ಇಳಿದೇ ಇಳಿಯುವುದು. ಅದು ಹರಿದುಹೋಗಲೆಂದೇ ಬಾಗಿಲಿನ ತಳದಲ್ಲಿ ರಂಧ್ರಗಳಿರುತ್ತವೆ. ಬಣ್ಣ ಹೊಡೆಯುವವರು ಪುಟ್ಟಿ ಮೆತ್ತಿ ಅವನ್ನು ಮುಚ್ಚಿಬಿಟ್ಟರೆ ಬಾಗಿಲು ಒಳಗಿನಿಂದಲೇ ಕೊಳೆಯುವುದು. ಮೇಲೆ ಹೇಳಿದ ಫಿಯಟ್ಟಿನಲ್ಲಿ ನಾಲ್ಕು ಬಾಗಿಲುಗಳಲ್ಲಿಯೂ ರಂಧ್ರಗಳು ಮುಚ್ಚಿದ್ದುವು.

ಕಳೆದುಹೋದ ಬಿಡಿಭಾಗಗಳಿಗಾಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಸುತ್ತಬೇಕು. ಫಿಯಟ್ ಉಳ್ಳವರಿಗೆ ಒಂದು ಸೌಕರ್ಯವುಂಟು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪೆನಿಯವರು ಇದೇ ಮೈಕಟ್ಟಿನ ಕಾರನ್ನು 1974ರಿಂದ ಪದ್ಮಿನಿಯೆಂಬ ಹೆಸರಿನಲ್ಲಿ ಆ ಶತಮಾನದ ಕೊನೆಯವರೆಗೂ ತಯಾರಿಸಿದರು. ಆದುದರಿಂದ ಅನೇಕ ಭಾಗಗಳು ಹೊಂದುತ್ತವೆ. ಆದರೆ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತವಾಯಿತು. ಇನ್ನು ತಡಮಾಡಿದಷ್ಟೂ ದೊರೆಯುವುದು ಕಷ್ಟ. ಮುಂದಿನ ಬಾಗಿಲಿನ ತ್ರಿಕೋನಾಕಾರದ ಸಣ್ಣ ಗಾಜಿನ ರಬ್ಬರು ಎಲ್ಲಕ್ಕಿಂತಲೂ ದುರ್ಲಭ. ಅದನ್ನು ಉದ್ದದ ಪಟ್ಟಿಯಿಂದ ಕತ್ತರಿಸಲಾಗದು, ಅಚ್ಚಿನಲ್ಲಿಯೇ ಎರೆಯಿಸಬೇಕು. ಅಚ್ಚಿಗೆ ಒಬ್ಬನೇ ಹಣ ತೆರುವುದು ಭಾರ. ಅಂಥದೇ ಕಾರುಳ್ಳ ನಾಲ್ಕಾರು ಮಂದಿ ಸೇರಿದರೆ ಸುಲಭ.

ಕಾನೂನಿನ ಮಾತನ್ನೂ ಹೇಳಬೇಕು. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿಗೂ ಮೈಕಟ್ಟಿಗೂ ಎಂಜಿನಿಗೂ ಗಣನೀಯ ಮಾರ್ಪಾಟಾಗದ ವಾಹನವನ್ನು ವಿಂಟೇಜ್ ಎಂದು ದಾಖಲು ಮಾಡಿಸಬಹುದು. ಅದಕ್ಕೆ ವಿಎ ಎಂಬ ಅಕ್ಷರಗಳುಳ್ಳ ಸಂಖ್ಯೆ ದೊರೆಯುವುದು; ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಗೌರವವೇನೋ ದೊಡ್ಡದು. ಆದರೆ ಅಂತಹ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮೊದಲಾದುವಕ್ಕಲ್ಲದೆ ದಿನಬಳಕೆಗೆ ಓಡಿಸುವಂತಿಲ್ಲ. ನಮ್ಮ ಮಿತ್ರರ ಮನೆಯಲ್ಲಿ ಮಗನಿಗೆ ವಿಎ ಫಲಕದ ಮೇಲೆ ಆಸೆ. ಅವನ ತಾಯಿಯವರಿಗೆ ಅದೇ ಕಾರಿನಲ್ಲಿ ಶುಕ್ರವಾರಗಳಂದು ಬನಶಂಕರಿಯಮ್ಮನ ದೇವಸ್ಥಾನಕ್ಕೆ ಹೋಗುವ ಆಸೆ. ಎರಡೂ ಏಕಕಾಲದಲ್ಲಿ ಸಿದ್ಧಿಸುವಂತಿಲ್ಲ. ನಾವು ತಾಯಿಯವರ ಪಕ್ಷವನ್ನೇ ಹಿಡಿದೆವು. ಕಾರು ಸಾಮಾನ್ಯ ನೋಂದಣಿಯಲ್ಲಿಯೇ ಉಳಿಯಿತು. ಐದು ವರ್ಷಗಳಿಗೊಮ್ಮೆ ಪರೀಕ್ಷೆಗೆ ಒಪ್ಪಿಸಿ ನವೀಕರಿಸಿಕೊಳ್ಳಬೇಕು, ಅಷ್ಟೆ.

ಅಂಬಾಸಡರ್ ಉಳ್ಳ ವಾಚಕರಿಗೆ ಒಂದು ಎಚ್ಚರಿಕೆ. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಸಂತತಿ; ಹಳೆಯವುಗಳ ನಟ್ಟು ಬೋಲ್ಟುಗಳು ಅಂಗುಲದ ಅಳತೆಯವು. ಫಿಯಟ್ಟಿನವು ಮಿಲಿಮೀಟರಿನವು. ಒಂದರ ಬೋಲ್ಟನ್ನು ಮತ್ತೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಮರೆ ಸವೆದುಹೋಗಿ, ಆ ಭಾಗವನ್ನು ಲೇತ್‌ನವನ ಬಳಿಗೆ ಒಯ್ಯಬೇಕಾಗುವುದು. ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ ಅದರ ಭಾಗದ ಹೆಸರು ಬರೆದ ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿಡಿರಿ. ಮನೆಯಲ್ಲಿ ಖಾಲಿಯಾದ ಕಾಫಿಪುಡಿಯ ಡಬ್ಬಿಗಳು ಇದಕ್ಕೆ ಧಾರಾಳವಾಗಿ ಸಾಕು.