ಹಂದಿಗೆ ಯಾವ ರೈಫಲ್ ಚಲೋ?

ಕಳೆದ ವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ಫೋನಿಗೆ ಒಂದು ವಿಡಿಯೊ ಬಂತು. ಕಳಿಸಿದವನು ದೇವದುರ್ಗ ತಾಲ್ಲೂಕಿನ ಯುವ ರೈತ, ನಮಗೆ ಪರಿಚಯದವನೇ. ವಿಡಿಯೊದಲ್ಲಿ ಹಿಮ ಬಿದ್ದ ಗುಡ್ಡದ ಮೇಲೆ ಒಬ್ಬ ವಿದೇಶಿ ಬೇಟೆಗಾರ ಎರಡು ರೈಫಲ್ ಮುಂದಿಟ್ಟುಕೊಂಡು ಯಾವುದು ಹಗುರ, ಯಾವುದು ಹೆಗಲಿಗೆ ಹಿತ ಎಂದು ತೂಗಿ ತೂಗಿ ಹೇಳುತ್ತಿದ್ದ. ಕೆಳಗೆ ಒಂದೇ ಸಾಲು: "ಅಣ್ಣಾ, ಇವೆರಡರಾಗ ಹಂದಿಗೆ ಯಾವುದು ಚಲೋ? ನೀವು ಪೇಪರಿನವ್ರು, ಗೊತ್ತಿರ್ತದ."

ಮೊದಲು ನಗು ಬಂತು. ಬೆಳಿಗ್ಗೆ ಫೋನ್ ಮಾಡಿದಾಗ ನಗು ಹೋಯಿತು. ಹಿಂದಿನ ರಾತ್ರಿ ಹಂದಿ ಹಿಂಡು ಅವನ ಶೇಂಗಾ ಹೊಲಕ್ಕೆ ನುಗ್ಗಿತ್ತು. ಶೇಂಗಾಕ್ಕೆ ಹಂದಿ ಬಿದ್ದರೆ ಹೇಗಿರುತ್ತದೆ ಎಂದು ಕಂಡವರಿಗೆ ಹೇಳಬೇಕಿಲ್ಲ. ತಿನ್ನುವುದು ಕಡಿಮೆ, ಮೂತಿಯಿಂದ ಉತ್ತು ಹಾಕುವುದು ಹೆಚ್ಚು. ಬೀಜ, ಗೊಬ್ಬರ, ಕಳೆ ತೆಗೆದ ಕೂಲಿ ಎಲ್ಲವೂ ಒಂದು ರಾತ್ರಿಯಲ್ಲಿ ಮಣ್ಣಾಗುತ್ತದೆ. ಅಂಥವನು ರಾತ್ರಿ ನಿದ್ದೆಗೆಟ್ಟು ರೈಫಲ್ ವಿಡಿಯೊ ನೋಡಿದರೆ ತಪ್ಪೇನು?

ಈ ಪ್ರಶ್ನೆ ಅವನೊಬ್ಬನದಲ್ಲ. ಮಾನ್ವಿಯ ಚಹಾದಂಗಡಿಯಲ್ಲೂ ಕೇಳಿದ್ದೇವೆ, ರಾಯಚೂರಿನ ಡಿಸಿ ಆಫೀಸಿನ ಮೆಟ್ಟಿಲ ಮೇಲೂ ಕೇಳಿದ್ದೇವೆ. ಅದಕ್ಕೆ ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇವೆ.

ಮೊದಲು ವಿಡಿಯೊದ ಪ್ರಶ್ನೆಗೇ ಬರೋಣ. ಬೋಲ್ಟ್ ರೈಫಲ್ ಎಂದರೆ ಬಾಗಿಲ ಚಿಲಕವಿದ್ದಂತೆ. ಹಿಡಿ ಎತ್ತಿ ಹಿಂದಕ್ಕೆಳೆದರೆ ಖಾಲಿ ಕಾಡತೂಸು ಹೊರಗೆ, ಮುಂದಕ್ಕೆ ದಬ್ಬಿದರೆ ಹೊಸದು ಒಳಗೆ. ಪ್ರತಿ ಗುಂಡಿಗೂ ಕೈಯಿಂದಲೇ ಹೀಗೆ ಮಾಡಬೇಕು. ನಳಿಕೆಯ ಒಳಗೆ ತಿರುಚಿದ ಗೆರೆಗಳಿರುತ್ತವೆ, ಅದರಿಂದ ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಬಹಳ ದೂರ ಹೋಗುತ್ತದೆ. ಫಿನ್‌ಲ್ಯಾಂಡಿನ ಟಿಕ್ಕಾ ಕಂಪನಿಯ ಟಿ3ಎಕ್ಸ್ ಲೈಟ್ ಸುಮಾರು 2.9 ಕೆಜಿ. ಅಮೆರಿಕದ ಕಿಂಬರ್ ಕಂಪನಿಯ ಮೌಂಟನ್ ಅಸೆಂಟ್ ಇನ್ನೂ ಹಗುರ, ಸುಮಾರು 2.2 ಕೆಜಿ. ಮೇಲೆ ದುರ್ಬೀನು ಕೂರಿಸಿದರೆ ಅದರ ತೂಕ ಬೇರೆ.

ಇಷ್ಟು ಹಗುರ ಯಾಕೆ ಮಾಡುತ್ತಾರೆ? ಅಲ್ಲಿಯವರು ದಿನವಿಡೀ ಬೆಟ್ಟ ಹತ್ತಿ ಬೇಟೆಯಾಡುತ್ತಾರೆ, ಅರ್ಧ ಕೆಜಿ ಉಳಿದರೂ ಅವರಿಗೆ ಲಾಭ. ಆದರೆ ಅದು ಪುಕ್ಕಟೆಯಾಗಿ ಸಿಗುವುದಿಲ್ಲ. ಬಂದೂಕು ಹಗುರವಾದಷ್ಟೂ ಹೆಗಲಿಗೆ ಒದೆತ ಹೆಚ್ಚು. ಒದೆತಕ್ಕೆ ಹೆದರಿದ ಕೈ ಕುದುರೆ ಎಳೆಯುವ ಮೊದಲೇ ನಡುಗುತ್ತದೆ. ತೆಳು ನಳಿಕೆ ನಾಲ್ಕು ಗುಂಡಿಗೇ ಬಿಸಿಯಾಗಿ ಗುರಿ ಆಚೀಚೆ ಸರಿಯುತ್ತದೆ. ನಮ್ಮಲ್ಲಿ ಹತ್ತುವುದೆಂದರೆ ಕಾಲುವೆ ಏರಿ, ಇಲ್ಲವೇ ಹೊಲದ ಅಟ್ಟ. ಅಲ್ಲಿ ಕೂತು ಕಾಯುವವನಿಗೆ ತೂಕದ ಬಂದೂಕೇ ಸ್ಥಿರ. ಅಂದರೆ ವಿಡಿಯೊದವನು ಬಗೆಹರಿಸುತ್ತಿದ್ದ ಸಮಸ್ಯೆ ನಮ್ಮದೇ ಅಲ್ಲ.

ಇನ್ನು ಅವು ಸಿಗುತ್ತವೆಯೇ? 1980ರ ದಶಕದಿಂದ ಸಾಮಾನ್ಯ ಜನ ಹೊರದೇಶದ ಬಂದೂಕು ತರಿಸುವಂತಿಲ್ಲ. ಹೆಸರಾಂತ ಶೂಟರ್‌ಗಳಂಥ ಕೆಲವರಿಗೆ ಮಾತ್ರ ಅವಕಾಶ. ಹಿಂದೆ ಬಂದ ಹಳೆಯ ವಿದೇಶಿ ರೈಫಲ್‌ಗಳು ಲೈಸೆನ್ಸ್ ಇದ್ದವರಿಂದ ಲೈಸೆನ್ಸ್ ಇದ್ದವರಿಗೆ ಕೈ ಬದಲಾಗುತ್ತವೆ, ಬೆಲೆ ಲಕ್ಷಗಳಲ್ಲಿ. ನಮ್ಮ ದೇಶದ್ದೆಂದರೆ ಬಂಗಾಳದ ಈಶಾಪುರ ಕಾರ್ಖಾನೆಯ .315 ರೈಫಲ್. ಬ್ರಿಟಿಷ್ ಸಿಪಾಯಿಗಳ ಲೀ-ಎನ್‌ಫೀಲ್ಡ್ ಬಂದೂಕಿನ ವಂಶದ್ದು, ಇದೂ ಬೋಲ್ಟಿನದೇ. ತೂಕ ಮೂರು ಕೆಜಿ ದಾಟುತ್ತದೆ.

ಹಾಗಾದರೆ ಆ .315 ತಗೊಳ್ಳಲೇ ಎಂದು ಅವನು ಕೇಳಿದ. ತಮ್ಮಾ, ಸಮಸ್ಯೆ ಇರುವುದೇ ಅಲ್ಲಿ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಓದಿ. ಬೆಳೆ ಕಾಯಲು ಕಾನೂನು ಕೊಡುವುದು ರೈಫಲ್ ಅಲ್ಲ, ಬಾಯಿಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಒಳಗೆ ಗೆರೆಯಿಲ್ಲದ ನಯವಾದ ನಳಿಕೆಯ ಬೇರೆ ಬಂದೂಕು ಕೊಡಬಹುದು. ನಮ್ಮ ಕಡೆ ಸಿಂಗಲ್ ಬ್ಯಾರಲ್, ಡಬಲ್ ಬ್ಯಾರಲ್ ಅನ್ನುತ್ತೇವಲ್ಲ, ಅವು. ರೈಫಲ್ ಲೈಸೆನ್ಸ್ ಬೇಕಾದರೆ ಜೀವಭಯದಂಥ ಬೇರೆ ಬಲವಾದ ಕಾರಣ ತೋರಿಸಬೇಕು. "ಹಂದಿ ಕಾಟ" ಎಂದು ಬರೆದು ರೈಫಲ್ ಕೇಳಿದರೆ ಅರ್ಜಿ ಮೇಜಿನಿಂದ ಮೇಜಿಗೆ ತಿರುಗಿ ಕೊನೆಗೆ ನಿಮ್ಮ ಕೈಗೇ ಬರುತ್ತದೆ.

ಇದು ರೈತನ ಮೇಲಿನ ಅಪನಂಬಿಕೆ ಎಂದು ನಾವೂ ಹಿಂದೆ ಅಂದುಕೊಂಡಿದ್ದೆವು. ಈಗ ಹಾಗನ್ನಿಸುವುದಿಲ್ಲ. ಕಾರಣ ನಮ್ಮ ನೆಲ.

ರಾಯಚೂರು ಜಿಲ್ಲೆಯ ಎರೆಹೊಲದಲ್ಲಿ ನಿಂತು ಸುತ್ತ ನೋಡಿ. ಗುಂಡು ತಪ್ಪಿದರೆ ತಡೆಯಲು ಹಿಂದೆ ಗುಡ್ಡವಿಲ್ಲ, ದಿಬ್ಬವಿಲ್ಲ. ಸಿಂಗಲ್ ಬ್ಯಾರಲ್ಲಿನ ಚರೆ ಕೆಲವು ನೂರು ಮೀಟರಿನಲ್ಲಿ ಸೋತು ಬೀಳುತ್ತದೆ. ರೈಫಲ್ ಗುಂಡು ಮೂರು ಕಿಲೋಮೀಟರ್ ಆಚೆಗೂ ಹೋಗಬಲ್ಲದು. ಹಂದಿ ಬರುವುದು ಕತ್ತಲಲ್ಲಿ. ಆ ಕತ್ತಲಲ್ಲಿ ಯಾರಿರುತ್ತಾರೆ ಎಂದು ಒಮ್ಮೆ ಲೆಕ್ಕ ಹಾಕಿ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದವರು ತಮ್ಮ ಪಾಳಿಯ ನೀರು ಮೇಲಿನವರ ಪಾಲಾಗದಂತೆ ರಾತ್ರಿಯಿಡೀ ತೂಬಿನ ಹತ್ತಿರ ಕಂಬಳಿ ಹೊದ್ದು ಕೂತಿರುತ್ತಾರೆ. ಕರೆಂಟ್ ರಾತ್ರಿ ಕೊಟ್ಟರೆ ಮೋಟರ್ ಹಾಕಲು ಒಬ್ಬ ಹೊರಟಿರುತ್ತಾನೆ. ಗೊಬ್ಬರಕ್ಕೆಂದು ಕುರಿ ತರುಬಿದ ಹೊಲದಲ್ಲಿ ಕುರಿಗಾರರ ಸಂಸಾರವೇ ಮಲಗಿರುತ್ತದೆ, ತೊಟ್ಟಿಲ ಕೂಸಿನ ಸಮೇತ. ಹತ್ತಿ ಬಿಡಿಸುವ ಕಾಲದಲ್ಲಿ ಬೆಳಕು ಹರಿಯುವ ಮೊದಲೇ ಹೆಣ್ಣುಮಕ್ಕಳು ದಾರಿ ಹಿಡಿದಿರುತ್ತಾರೆ. ತಲೆಗೆ ಕಟ್ಟಿದ ಬ್ಯಾಟರಿ ಬೆಳಕಿಗೆ ಎರಡು ಕಣ್ಣು ಹೊಳೆದರೆ ಅದು ಹಂದಿಯೋ, ಕುರಿನಾಯಿಯೋ, ಬಿಟ್ಟ ಎಮ್ಮೆಯೋ?

ರಾಯಚೂರಿಗೆ ಬಂದೂಕು ಹೊಸದೇನಲ್ಲ ಬಿಡಿ. 1520ರಲ್ಲಿ ಕೃಷ್ಣದೇವರಾಯ ಇದೇ ಕೋಟೆಗೆ ಮುತ್ತಿಗೆ ಹಾಕಿದಾಗ ಕೋಟೆಗೋಡೆಯ ಮೇಲೆ ತಲೆ ಎತ್ತಿದವರನ್ನು ಕೆಳಗಿನಿಂದ ಬಂದೂಕಿನಲ್ಲಿ ಉರುಳಿಸಿದ್ದು ಪೋರ್ಚುಗೀಸರು. ಅವರ ಗುರಿ ಹಗಲು ಹೊತ್ತಿನಲ್ಲಿ, ಕಣ್ಣ ಮುಂದೆ ಇತ್ತು.

ಇನ್ನೊಂದು ಮಾತು. ಬಹಳ ಜನ ಇದರಲ್ಲಿ ಎಡವಿರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಬಂದೂಕಿನ ಲೈಸೆನ್ಸ್ ಬೇರೆ, ಪ್ರಾಣಿ ಕೊಲ್ಲುವ ಅನುಮತಿ ಬೇರೆ. ಮೊದಲನೆಯದು ಡಿಸಿ ಕೊಡುವುದು. ಎರಡನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಡಿ ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರು, ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಲಿಖಿತವಾಗಿ ಕೊಡಬೇಕು. ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ, ನಿಂತ ಬೆಳೆಗೆ ಅಪಾಯ ಎಂಬ ಕಾರಣಕ್ಕೆ ಅನುಮತಿ ಕೊಡಲು ದಾರಿಯಿದೆ. ಹಾಗೆ ಹೊಡೆದ ಹಂದಿಯೂ ಸರ್ಕಾರದ ಸ್ವತ್ತು. ಮನೆಗೆ ತಂದು ಒಲೆ ಹಚ್ಚಿದರೆ ಅದೇ ಕೇಸು.

ಚಿಗರಿ ಮಾತು ಎತ್ತಲೇಬೇಡಿ. ಕೃಷ್ಣಮೃಗ ಮೊದಲನೇ ಅನುಸೂಚಿಯದು. ಬೆಳೆ ತಿಂತು ಎಂಬ ಕಾರಣ ಅಲ್ಲಿ ನಡೆಯುವುದಿಲ್ಲ. ಕೊಂದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. 1998ರಲ್ಲಿ ರಾಜಸ್ಥಾನದಲ್ಲಿ ನಡೆದ ಚಿಗರಿ ಬೇಟೆಗೆ ಸಲ್ಮಾನ್ ಖಾನ್‌ಗೆ ಜೋಧಪುರ ಕೋರ್ಟ್ 5 ವರ್ಷ ಶಿಕ್ಷೆ ಕೊಟ್ಟಿದ್ದು 2018ರಲ್ಲಿ. ದೊಡ್ಡ ವಕೀಲರಿದ್ದವರಿಗೇ ಇಪ್ಪತ್ತು ವರ್ಷ ಕೋರ್ಟ್ ಅಲೆತ. ನಮ್ಮಂಥವರು ಹೊಲ ಮಾರಿ ವಕೀಲರನ್ನು ಹಿಡಿಯಬೇಕಾಗುತ್ತದೆ.

"ಕೊಡಗಿನವರಿಗೆ ಲೈಸೆನ್ಸೇ ಬ್ಯಾಡಂತಲ್ಲ?" ಎಂದೂ ಕೇಳುತ್ತಾರೆ. ನಿಜ. ಕೊಡವರಿಗೆ ಮತ್ತು ಜಮ್ಮಾ ಭೂಮಿ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಹೈಕೋರ್ಟೂ 2021ರಲ್ಲಿ ಎತ್ತಿಹಿಡಿದಿದೆ. ಆದರೆ ವಿನಾಯಿತಿ ಕೋವಿ ಇಟ್ಟುಕೊಳ್ಳಲು ಮಾತ್ರ, ಬೇಟೆಗಲ್ಲ. ಅಲ್ಲಿಯೂ ಹಂದಿ ಹೊಡೆಯಲು ಅನುಮತಿ ಬೇಕೇ ಬೇಕು.

ಹಾಗಂತ ಎಲ್ಲ ತಪ್ಪು ರೈತನ ತಲೆಗೆ ಕಟ್ಟಲು ನಾವು ಸಿದ್ಧರಿಲ್ಲ. ಕಾನೂನು ಬಂದೂಕು ಕೊಡುತ್ತದೆ, ಅನುಮತಿಯನ್ನೂ ಕೊಡುತ್ತದೆ. ಆದರೆ ಆ ಎರಡು ಕಾಗದ ಸೇರುವುದರೊಳಗೆ ಬೆಳೆ ಮುಗಿದಿರುತ್ತದೆ. ಶೇಂಗಾ ಹೊಲದಲ್ಲಿರುವುದು ನಾಲ್ಕು ತಿಂಗಳು. ಬಂದೂಕಿಗೆ ಪೊಲೀಸ್ ವರದಿ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಆಮೇಲೆ ಡಿಸಿ ಆಫೀಸು. ಹಂದಿಗೆ ಅರಣ್ಯ ಇಲಾಖೆಯ ಬೇರೆ ಅರ್ಜಿ. ದೇವದುರ್ಗದ ರೈತ ಒಂದು ದಿನದ ಕೂಲಿ ಬಿಟ್ಟು ರಾಯಚೂರಿಗೆ ಬಂದರೆ "ಸಾಹೇಬ್ರು ಮೀಟಿಂಗಿನಾಗ ಅದಾರ" ಎಂಬ ಮಾತು ಕೇಳಿ ಸಂಜೆ ಬಸ್ ಹತ್ತಬೇಕು. ಹಂದಿಗೆ ಸಂಬಂಧಿಸಿದ ಅನುಮತಿ ವಲಯ ಅರಣ್ಯಾಧಿಕಾರಿಯ ಮಟ್ಟದಲ್ಲೇ, ಅರ್ಜಿ ಕೊಟ್ಟ ವಾರದೊಳಗೆ ತೀರ್ಮಾನವಾಗಬೇಕು. ಕೊಡುವುದಿಲ್ಲವೆಂದರೆ ಅದನ್ನೂ ಬರೆದು ಕೊಡಲಿ.

ಚುನಾವಣೆ ಬಂದರೆ ಇನ್ನೊಂದು ಕಥೆ. 2024ರ ಲೋಕಸಭಾ ಚುನಾವಣೆಗೆ ನೀತಿಸಂಹಿತೆ ಇದ್ದದ್ದು ಮಾರ್ಚ್ 16ರಿಂದ ಜೂನ್ 6ರವರೆಗೆ. ನಮ್ಮ ಕಡೆ ಮತದಾನ ಮೇ 7ಕ್ಕೆ. ಅಂಥ ಹೊತ್ತಿನಲ್ಲಿ ಬಂದೂಕನ್ನು ಠಾಣೆಗೆ ಒಪ್ಪಿಸಿ ಎಂದರೆ ಬೇಸಿಗೆ ಬೆಳೆ ಇಟ್ಟವನು ಹೊಲಕ್ಕೆ ಕೋಲು ಹಿಡಿದೇ ಹೋಗಬೇಕು. ಒಬ್ಬೊಬ್ಬರ ಲೈಸೆನ್ಸ್ ನೋಡಿ ತೀರ್ಮಾನಿಸಲು ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇರಬೇಕೆಂದು ಚುನಾವಣಾ ಆಯೋಗವೇ ಹೇಳಿದೆ. ಬೆಳೆ ಕಾಯುವ ಸಿಂಗಲ್ ಬ್ಯಾರಲ್ಲಿನವನನ್ನೂ ಗಲಾಟೆ ಕೇಸಿನವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಬೇಡ.

ಕಾಗದ ತಡವಾದಷ್ಟೂ ಕೆಟ್ಟ ದಾರಿಗಳು ಹತ್ತಿರವಾಗುತ್ತವೆ. ಲೈನಿನಿಂದ ನೇರ ತಂತಿಗೆ ಕರೆಂಟ್ ಬಿಡುವುದು ಅದರಲ್ಲಿ ಅತಿ ಕೆಟ್ಟದ್ದು. ಬೆಳಿಗ್ಗೆ ತಂತಿಯ ಮೇಲೆ ಸಿಗುವುದು ಹಂದಿಯೇ ಆಗಿರಬೇಕೆಂದಿಲ್ಲ. ಬಿಟ್ಟು ಬಿಟ್ಟು ಹೊಡೆಯುವ ಸೋಲಾರ್ ಬೇಲಿ ಬೇರೆ, ಇದು ಬೇರೆ. ಕದ್ದು ಕೊಂಡ ನಾಡಬಂದೂಕು ಇನ್ನೊಂದು. ಲೈಸೆನ್ಸ್ ಇಲ್ಲದ ಬಂದೂಕು ಮನೆಯಲ್ಲಿ ಸಿಕ್ಕರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, 5 ವರ್ಷದವರೆಗೆ ಜೈಲು. ಹೊಡೆಯಲೇಬೇಕೆಂದಿಲ್ಲ, ಇಟ್ಟುಕೊಂಡರೆ ಸಾಕು.

ಇಷ್ಟನ್ನೂ ಆ ಯುವಕನಿಗೆ ಫೋನಿನಲ್ಲಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಏರ್‌ಗನ್? ಅದಕ್ಕ ಲೈಸೆನ್ಸ್ ಬ್ಯಾಡಲ್ಲ?" ಅಂದ. 4.5 ಮಿಮೀ ನಳಿಕೆಯ, 20 ಜೌಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ, ಸರಿ. ಅದು ಹಂದಿಯ ಚರ್ಮಕ್ಕೆ ತಾಗಿದರೆ ಹಂದಿಗೆ ಸಿಟ್ಟು ಬರುತ್ತದೆ, ಅಷ್ಟೇ. ಆಮೇಲೆ ಹೊಲ ಬಿಟ್ಟು ಓಡುವವರು ನಾವು. ಅವನೂ ನಕ್ಕ.

ಮೊನ್ನೆ ರಾಯಚೂರಿಗೆ ಬಂದಿದ್ದ. ಇಬ್ಬರೂ ಡಿಸಿ ಆಫೀಸಿನ ಎದುರು ಚಹಾ ಕುಡಿದೆವು. ಆಧಾರ್, ಪಹಣಿ, ಹಾಳಾದ ಬೆಳೆಯ ಫೋಟೊ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಂದಿದ್ದ. ಪರಿಹಾರದ ಅರ್ಜಿಗೂ ಅದೇ ಫೋಟೊ ಬೇಕಾಗುತ್ತದೆ, ಅರಣ್ಯ ಇಲಾಖೆಗೆ ಒಂದು ಪ್ರತಿ ಕೊಡು ಎಂದೆವು. ಎ-1 ನಮೂನೆ ತುಂಬುತ್ತ ಬಂದೂಕಿನ ಬಗೆ ಎಂಬ ಜಾಗದಲ್ಲಿ ಪೆನ್ನು ನಿಲ್ಲಿಸಿ ನಮ್ಮ ಮುಖ ನೋಡಿದ.

"ಸಿಂಗಲ್ ಬ್ಯಾರಲ್ ಅಂತ ಬರಿ," ಎಂದೆವು.